ಕೂಸಿಗೆ ಕೇಳಿಸುತ್ತಿದೆಯೇ?

ಕಿವುಡು, ಮೂಕತನಗಳನ್ನು ನಮ್ಮ ಆಡುಮಾತು ಎಂದೋ ಒಂದು ಜೋಡುನುಡಿಯಾಗಿ ಹೆಣೆದುಬಿಟ್ಟಿದೆ. ಈ ಜೋಡಣೆಯಲ್ಲಿ ಅನ್ಯಾಯವೂ ಇದೆ, ಸತ್ಯವೂ ಇದೆ. ಅಂಥ ಬಹುಪಾಲು ಮಕ್ಕಳ ಕೊರಳಿಗೆ ಯಾವ ಊನವೂ ಇರುವುದಿಲ್ಲ; ಆದರೆ ಕಿವಿಗೆ ಬೀಳದ ನುಡಿ ನಾಲಗೆಗೆ ಬರುವುದು ಬಲು ಕಷ್ಟ.

ಗರ್ಭದಲ್ಲಿದ್ದೇ ಚಕ್ರವ್ಯೂಹದ ವಿಚಾರ ಕೇಳಿದ ಅಭಿಮನ್ಯುವಿನ ಕಥೆ ಕವಿಕಲ್ಪನೆಯೇ ಸರಿ. ಆದರೂ ಹುಟ್ಟುವುದಕ್ಕೆ ಎರಡು ಮೂರು ತಿಂಗಳ ಮೊದಲೇ ಶಿಶುವಿನ ಕಿವಿ ಶಬ್ದಕ್ಕೆ ಓಗೊಡುತ್ತದೆ. ಆ ಬಾಗಿಲು ಮುಚ್ಚಿದ್ದರೆ ಮನೆಯವರಿಗೆ ತಿಳಿಯುವುದು ಹೇಗೆ? ತಟ್ಟೆ ಬಡಿದು ನೋಡುತ್ತೇವೆ, ಮಗು ಬೆಚ್ಚುತ್ತದೆ. ಬೆಚ್ಚಿದ್ದು ಸದ್ದಿಗೋ, ಕಂಪನಕ್ಕೋ, ಕೈಯ ನೆರಳಿಗೋ, ಬಲ್ಲವರಾರು? ಕೇಳದ ಕೂಸೂ ಮೊದಲ ಕೆಲವು ತಿಂಗಳು ಉಳಿದವುಗಳಂತೆಯೇ ಕೇಕೆ ಹಾಕುತ್ತದೆ. ಎರಡು ವರ್ಷವಾದರೂ ಮಾತು ಬಾರದಿದ್ದಾಗ ಹಿರಿಯರು, "ಅವರಪ್ಪನಿಗೂ ತಡವಾಗಿಯೇ ಬಂದದ್ದು" ಎಂದು ಸಮಾಧಾನ ಹೇಳುತ್ತಾರೆ. ಅಷ್ಟರಲ್ಲಿ ನುಡಿ ಬೇರೂರುವ ಹದವಾದ ಕಾಲದ ದೊಡ್ಡ ಪಾಲು ಕಳೆದಿರುತ್ತದೆ.

ನನ್ನ ಮಗಳ ಮಗ ದಿನ ತುಂಬುವ ಮೊದಲೇ ಹುಟ್ಟಿ ಎರಡು ವಾರ ತೀವ್ರ ನಿಗಾ ಘಟಕದಲ್ಲಿದ್ದ. ಶ್ರವಣ ತಪಾಸಣೆಯನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ಆರೋಗ್ಯವಂತ ಒಳಗಿವಿ ಶಬ್ದವನ್ನು ಬರಮಾಡಿಕೊಳ್ಳುವುದಷ್ಟೇ ಅಲ್ಲ, ತಾನೂ ಒಂದು ಕ್ಷೀಣವಾದ ದನಿಯನ್ನು ಹೊರಡಿಸುತ್ತದೆಂಬ ಸೋಜಿಗವನ್ನು 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಪ್ರಕಟಿಸಿದರು. ನಿದ್ರಿಸುವ ಕೂಸಿನ ಕಿವಿಯಲ್ಲಿ ಪುಟ್ಟ ಬಿರಡೆಯಂಥದೊಂದನ್ನಿಟ್ಟು ಆ ದನಿಯನ್ನು ಹಿಡಿಯುತ್ತಾರೆ. ನಿಗಾ ಘಟಕದ ಕೂಸಿಗೆ ಇಷ್ಟು ಸಾಲದು. ಒಳಗಿವಿ ಓಗೊಟ್ಟರೂ ಮುಂದಿನ ನರ ಸುದ್ದಿಯನ್ನು ಸರಿಯಾಗಿ ಒಯ್ಯದಿರಬಹುದು. ತೀವ್ರ ಕಾಮಾಲೆಯಾದ ಮಕ್ಕಳಲ್ಲಿ ಈ ಭಯ ಹೆಚ್ಚು. ಆದುದರಿಂದ ತಲೆಗೆ ತಂತಿಗಳನ್ನು ಅಂಟಿಸಿ, ಶಬ್ದಕ್ಕೆ ಮೆದುಳಿನ ಕಾಂಡದಲ್ಲಿ ಏಳುವ ಸ್ಪಂದನವನ್ನೂ ಅಳೆಯುತ್ತಾರೆ. ನೋವಿಲ್ಲ, ನಮ್ಮ ಹುಡುಗನಿಗೆ ಎಚ್ಚರವೂ ಆಗಲಿಲ್ಲ.

ಗರ್ಭಿಣಿಗೆ ತಗಲಿದ ರುಬೆಲ್ಲಾ, ಶಿಶುವಿಗೆ ಬಂದ ಮೆದುಳುಪೊರೆಯ ಉರಿಯೂತ, ಜೀವ ಉಳಿಸಲೆಂದೇ ಕೊಟ್ಟ ಜೆಂಟಾಮೈಸಿನ್, ಇವೂ ಅಪಾಯದ ಪಟ್ಟಿಯಲ್ಲಿವೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಪ್ರೀತಿಯ ಸಂಪ್ರದಾಯವನ್ನೂ ಇಲ್ಲಿ ನೆನೆಯಬೇಕಾದೀತು.

ಒಂದು ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ನಿರ್ಣಯ, 6 ತಿಂಗಳೊಳಗೆ ಆರೈಕೆಯ ಆರಂಭ, ಇದು ತಜ್ಞರು ಹಾಕಿಕೊಟ್ಟಿರುವ ಲೆಕ್ಕ. ಆರೈಕೆಯೆಂದರೆ ಶ್ರವಣಸಾಧನವಿರಬಹುದು, ಸನ್ನೆಭಾಷೆಯೂ ಇರಬಹುದು. ಅದೂ ಪೂರ್ಣವಾದ ಭಾಷೆಯೇ. ಇದಕ್ಕೆಲ್ಲ ದೂರದೇಶಕ್ಕೆ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ 1965ರಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಗಿದೆ.

ಮೊಮ್ಮಗ ಎರಡು ಪರೀಕ್ಷೆಗಳಲ್ಲೂ ತೇರ್ಗಡೆಯಾದ. ಆದರೂ ಕೆಲವು ಬಗೆಯ ಕಿವುಡು ತಡವಾಗಿ ತಲೆದೋರುವುದರಿಂದ ಒಂಬತ್ತು ತಿಂಗಳು ತುಂಬುವುದರೊಳಗೆ ಮತ್ತೊಮ್ಮೆ ಕರೆತರಹೇಳಿದ್ದಾರೆ. ಮಗಳು ಗೋಡೆಯ ಪಂಚಾಂಗದಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿದ್ದಾಳೆ.