ಮಗು ಯಾರ ಹೊಣೆ?

(ಕಲ್ಯಾಣದಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಪಗಾರ, ರಜೆ, ಬೋನಸ್ಸುಗಳ ಮಾತು ಯಾವಾಗಲೂ ಇದ್ದದ್ದೇ. ಇಂದು ಸಂಘದ ಚೀಟಿ ಇಲ್ಲದವನೊಬ್ಬನ ಮಾತನ್ನು ಎತ್ತಿದ್ದೇವೆ. ಅವನೆಂದರೆ ಹೋಟೇಲಿನ ಹಿಂಬದಿಯಲ್ಲಿ ಕಪ್ಪು ಬಸಿ ತೊಳೆಯುವ ಪೋರ.

ನಮ್ಮ ಕಲ್ಯಾಣ ದೊಡ್ಡ ಜಂಕ್ಷನ್. ರಾಯಚೂರು, ಕಲಬುರಗಿ, ಸೊಲ್ಲಾಪುರಗಳ ಗಾಡಿಗಳು ಇಲ್ಲಿ ನಿಲ್ಲುತ್ತವೆ. ಊರವರ ಕೈ ಹಿಡಿದು ಇಳಿಯುವ ಮಕ್ಕಳಿದ್ದಾರೆ. ಮನೆಯಲ್ಲಿ ಹೇಳದೆ ಓಡಿಬಂದವರೂ ಇದ್ದಾರೆ. ಇಂಥ ಹುಡುಗನನ್ನು ಪೋಲೀಸರು ಸ್ಟೇಶನ್ನಿನಿಂದಲೋ, ಕಾರ್ಮಿಕ ಇಲಾಖೆಯವರು ಹೋಟೇಲಿನಿಂದಲೋ ಕರೆದೊಯ್ದರೆ ಮುಂದೇನಾಗುತ್ತದೆ? ಮಾಲಿಕ 'ನನಗೆ ಗೊತ್ತಿಲ್ಲ' ಎನ್ನುತ್ತಾನೆ. ಊರಿನಲ್ಲಿರುವ ತಂದೆ ಪೋಲೀಸರೆಂದರೆ ಹೆದರುತ್ತಾನೆ. ಜತೆಗೆ ದುಡಿದ ನಾವು 'ನಮಗೇಕೆ ಉಸಾಬರಿ' ಎಂದು ಬಾಯಿ ಮುಚ್ಚಿಕೊಳ್ಳುತ್ತೇವೆ. ಹಾಗಾದರೆ ಆ ಮಗು ಯಾರದು?

ಮೊದಲು ಮಾಲಿಕನ ಮಾತು. 'ಇವನ ಅಪ್ಪ ನನ್ನ ಮಡಿಲಿಗೆ ಹಾಕಿದ್ದಾನೆ, ನಾನೇ ಇವನಿಗೆ ತಂದೆ' ಎಂದು ಹೇಳುವವರಿದ್ದಾರೆ. ಅನ್ನ ಹಾಕಿದ ಮಾತ್ರಕ್ಕೆ ಯಾರೂ ಪಾಲಕರಾಗುವುದಿಲ್ಲ. ಹೋಟೇಲು ಧಾಬಾಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳ ದುಡಿಮೆಯನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯ ಮೇಲೆ, ಹಾಗೆ ಕೆಲಸಕ್ಕಿಟ್ಟವನಿಗೆ ಆರು ತಿಂಗಳಿಂದ ಎರಡು ವರ್ಷದ ವರೆಗೆ ಸಜೆ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು.

ಇನ್ನು ಸರಕಾರದ ಹೊಣೆ. ಈ ಪ್ರಾಂತದಲ್ಲಿ 1924ರಲ್ಲೇ ಮುಂಬಯಿ ಮಕ್ಕಳ ಕಾಯ್ದೆ ಬಂತು. ಈಗ ನಡೆಯುತ್ತಿರುವುದು 2015ರ ಬಾಲ ನ್ಯಾಯ ಕಾಯ್ದೆ. ಇದರಂತೆ ಇಂಥ ಮಗುವನ್ನು, ಪ್ರಯಾಣದ ವೇಳೆ ಬಿಟ್ಟು, 24 ತಾಸುಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಈ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸದಸ್ಯರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಸಮಿತಿ ಮಗುವನ್ನು ಬಾಲಗೃಹಕ್ಕೆ ಕಳಿಸಿದರೆ ಅನ್ನ, ಬಟ್ಟೆ, ಮದ್ದು, ಪಾಠ ಎಲ್ಲಕ್ಕೂ ಆ ಗೃಹದವರೇ ಜವಾಬುದಾರರು. ಗೃಹಗಳೆಲ್ಲ ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಅದಕ್ಕೇ ಸಮಿತಿಯವರು ತಿಂಗಳಿಗೆ ಎರಡು ಸಲವಾದರೂ ಹೋಗಿ ನೋಡಬೇಕೆಂದು ಕಾಯ್ದೆಯಲ್ಲಿದೆ.

ಇಷ್ಟಾದ ಮೇಲೆ ತಾಯ್ತಂದೆಯರ ಹಕ್ಕು ಹೋಯಿತೇ? ಇಲ್ಲ. ಆಸ್ಪತ್ರೆಗೆ ಸೇರಿಸಿದ ಮಗು ಡಾಕ್ಟರರ ಮಗುವಾಗುವುದಿಲ್ಲ. ವಶ ಬದಲಾಗುತ್ತದೆ, ಸಂಬಂಧ ಬದಲಾಗುವುದಿಲ್ಲ. ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಹೆತ್ತವರದು, ಗೃಹವಾಸ ಕಡೆಯ ಉಪಾಯ, ಮನೆ ಸೇರಿಸುವುದೇ ಗುರಿ: ಹೀಗೆಂದು ಕಾಯ್ದೆಯೇ ಹೇಳುತ್ತದೆ. ಪರಜಿಲ್ಲೆಯ ಮಗುವಾದರೆ ಅದರ ಊರಿನ ಜಿಲ್ಲೆಯ ಸಮಿತಿಗೆ ಒಪ್ಪಿಸಬಹುದು.

ಆದರೆ ಒಂದು ಅಪಾಯವಿದೆ, ಗಮನವಿಟ್ಟು ಕೇಳಿ. ವಿಚಾರಣೆ ನಡೆದು ನಾಲ್ಕು ತಿಂಗಳಲ್ಲಿ ಸಮಿತಿ ಕೊನೆಯ ಆಜ್ಞೆ ಕೊಡಬೇಕು. ಎಷ್ಟು ಹುಡುಕಿದರೂ ಹೆತ್ತವರು ಸಿಗದಿದ್ದರೆ ಮಗುವನ್ನು ಅನಾಥ ಅಥವಾ ಪರಿತ್ಯಕ್ತ ಎಂದು ತೀರ್ಮಾನಿಸಿ, ದತ್ತು ಕೊಡಲು ಅಡ್ಡಿಯಿಲ್ಲವೆಂದು ಸಾರಬಹುದು. ಎರಡು ವರ್ಷದೊಳಗಿನ ಕೂಸಾದರೆ ಎರಡು ತಿಂಗಳು, ದೊಡ್ಡ ಮಗುವಾದರೆ ನಾಲ್ಕು ತಿಂಗಳು, ಇದೇ ಅವಧಿ. ಬಡವನ ಮಗು ಕಾನೂನಿನಿಂದ ಕಳೆದುಹೋಗುವುದಕ್ಕಿಂತ ಬಡವನ ಹೆದರಿಕೆಯಿಂದ, ನಮ್ಮ ಮೌನದಿಂದ ಕಳೆದುಹೋಗುವ ಭಯವೇ ಹೆಚ್ಚು.

ಆದುದರಿಂದ ನಾವು ಮಾಡಬೇಕಾದದ್ದು ಇಷ್ಟು. ಹುಡುಗನ ಊರು, ತಾಲೂಕು, ತಂದೆಯ ಹೆಸರು ನಮಗೆ ಗೊತ್ತಿರುತ್ತದೆ. ಆ ದಿನವೇ ಊರಿಗೆ ಫೋನು ಮಾಡೋಣ. ತಂದೆ ಬಾರದಿದ್ದರೆ ತಾಯಿ ಬರಲಿ. ತಂದೆ ಬದುಕಿದ್ದಾಗಲೂ ತಾಯಿ ಪಾಲಕಳಾಗಬಲ್ಲಳೆಂದು 1999ರಲ್ಲಿ ಸುಪ್ರೀಂ ಕೋರ್ಟು ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ರೇಶನ್ ಕಾರ್ಡು, ಜನನದ ದಾಖಲೆ, ಶಾಲೆಯ ದಾಖಲೆ ತರಿಸೋಣ. ಹುಡುಗನಿಗೆ ಮರಾಠಿ ಬಾರದು, ತಾಯಿಗೆ ಹಿಂದಿ ಬಾರದು. ಅವರ ಪಕ್ಕದಲ್ಲಿ ನಿಂತು ಕನ್ನಡದ ಮಾತನ್ನು ತಿಳಿಸಿಹೇಳೋಣ. ಆಜ್ಞೆ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಅಪೀಲು ಮಾಡಲು ಅವಕಾಶವಿದೆ.

ಓಡಿಬಂದ ಹುಡುಗನನ್ನು ಕನಿಕರದಿಂದ ಖೋಲಿಯಲ್ಲಿ ಇಟ್ಟುಕೊಂಡವರೂ ಎಚ್ಚರದಿಂದಿರಬೇಕು. 24 ತಾಸುಗಳಲ್ಲಿ ಪೋಲೀಸರಿಗೋ, ಸಮಿತಿಗೋ, 1098 ನಂಬರಿಗೋ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳ ವರೆಗೆ ಸಜೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ ಆದೀತು.

'ಊರಿಗೆ ಕಳಿಸಿದರೆ ಅಲ್ಲಿ ಗಂಜಿಗೆ ಗತಿಯಿಲ್ಲವಲ್ಲ' ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಅರ್ಹ ಕುಟುಂಬಕ್ಕೆ ಮಗುವನ್ನು ಮನೆಯಲ್ಲೇ ಸಾಕಲು ಮಿಶನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಸಮಿತಿಯ ಮುಂದೆಯೇ ಅದನ್ನು ಕೇಳಬೇಕು. ಹುಡುಗ ದುಡಿದ ಪಗಾರವನ್ನೂ ಬಿಡಬಾರದು. ಹದಿನೆಂಟು ತುಂಬದವನ ಗಳಿಕೆಯನ್ನು ತಡೆಹಿಡಿಯುವುದು ಐದು ವರ್ಷದ ವರೆಗೆ ಕಠಿಣ ಸಜೆಗೆ ಗುರಿಯಾಗುವ ಅಪರಾಧ.

ಸೋದರರೇ, ನಮ್ಮಲ್ಲಿ ಎಷ್ಟೋ ಮಂದಿ ಅರ್ಧ ಚಡ್ಡಿಯಲ್ಲಿ ಬಂದು ಬಸಿ ತೊಳೆದೇ ಬೆಳೆದವರು. ನಾವು ಉಳಿದದ್ದು ದೈವಬಲದಿಂದ. ಈಗಿನ ಹುಡುಗನನ್ನು ದೈವಕ್ಕೆ ಬಿಡುವುದು ಬೇಡ. ಕಾಗದದ ಮೇಲಿನ ಹೊಣೆ ಸಮಿತಿಯದು, ಹೆತ್ತವರದು. ಆ ಇಬ್ಬರನ್ನು ನಾಲ್ಕು ತಿಂಗಳೊಳಗೆ ಮುಖಾಮುಖಿ ಮಾಡಿಸುವ ಹೊಣೆ ನಮ್ಮದು.