ಅಂಗಡಿ ಎಲ್ಲಿ ನೆಲೆ ನಿಲ್ಲುತ್ತದೆ?



ಅಗತ್ಯವಿರುವಲ್ಲಿ ಅಂಗಡಿ ಹುಟ್ಟುತ್ತದೆಂಬುದು ಸಾಮಾನ್ಯ ನಂಬಿಕೆ. ಅದು ನಿಜವಾಗಿದ್ದರೆ ಗುಡ್ಡದ ಪ್ರತಿ ಕೇರಿಯಲ್ಲೂ ಒಂದು ಔಷಧಿ ಅಂಗಡಿ ಇರಬೇಕಾಗಿತ್ತು. ಅಂಗಡಿಕಾರನು ಮೊದಲು ನೋಡುವುದು ಜನರ ಓಡಾಟವನ್ನು.

ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯ ಹೋಬಳಿ ಕೇಂದ್ರ ಕೌಜಲಗಿಯನ್ನು ನೋಡಿರಿ. ಉಪ್ಪು, ಬೆಲ್ಲ, ಕಡ್ಡಿಪೆಟ್ಟಿಗೆ ಮನೆಮನೆಗೂ ಬೇಕು. ಒಂದೆರಡು ಓಣಿಗಳ ವ್ಯಾಪಾರದಿಂದಲೇ ಕಿರಾಣಿ ಅಂಗಡಿ ಬದುಕಬಲ್ಲದು. ಬಂಗಾರ, ಮದುವೆಯ ಜವಳಿಗಳನ್ನು ಕೊಳ್ಳುವುದು ಅಪರೂಪ. ಆ ಅಂಗಡಿಗೆ ಹತ್ತಾರು ಊರುಗಳ ಗಿರಾಕಿ ಬೇಕು. ಆದುದರಿಂದ ಅಂಥ ವ್ಯಾಪಾರ ಗೋಕಾಕ ಪೇಟೆಯತ್ತ ಸರಿಯುತ್ತದೆ. ಒಂದೂರಿನ ಗಿರಾಕಿ ವಾರವಿಡೀ ಸಾಲದ ವ್ಯಾಪಾರಿಯು ತಾನೇ ಊರೂರು ಸುತ್ತುತ್ತಾನೆ. ಸಂತೆಯ ಮರ್ಮ ಇದೇ. ಜರ್ಮನಿಯ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಈ ಶ್ರೇಣಿಯನ್ನು ಸಿದ್ಧಾಂತವಾಗಿ ಮಂಡಿಸಿದನು. ಆತನ ಲೆಕ್ಕ ಸಮತಟ್ಟಾದ ನೆಲದ್ದೆಂಬುದನ್ನು ಗುಡ್ಡದವರು ನೆನಪಿಡಬೇಕು.

ಗೋಕಾಕದಲ್ಲಿ ಕರದಂಟಿನ ಅಂಗಡಿಗಳು ಒಂದರ ಬಳಿ ಒಂದು ಇರುವುದೇಕೆ? 1929ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞನು ಒಂದೇ ಬೀದಿಯ ಇಬ್ಬರು ವ್ಯಾಪಾರಿಗಳ ಉದಾಹರಣೆ ಕೊಟ್ಟನು. ಗಿರಾಕಿಗಳನ್ನು ಸೆಳೆಯಲು ಇಬ್ಬರೂ ನಡುಬೀದಿಗೆ ಸರಿಯುತ್ತಾರೆ. ವ್ಯಾಪಾರಿಗೆ ನಷ್ಟವಿಲ್ಲ, ಬೀದಿಯ ಕೊನೆಯ ಮನೆಯವರ ನಡಿಗೆ ಮಾತ್ರ ಹೆಚ್ಚುತ್ತದೆ!

ಸರ್ಕಾರದ ತೀರ್ಮಾನವೂ ಅಂಗಡಿಯ ಜಾಗವನ್ನು ಬದಲಿಸುತ್ತದೆ. 2018ರಲ್ಲಿ ಮೂಡಲಗಿ ಪ್ರತ್ಯೇಕ ತಾಲೂಕಾಯಿತು. ತಹಶೀಲ್ದಾರ ಕಚೇರಿ ಬಂದಲ್ಲಿ ಅರ್ಜಿ ಬರೆಯುವವರು, ಜೆರಾಕ್ಸ್, ಚಹಾದಂಗಡಿ, ಖಾನಾವಳಿ ಸಾಲಾಗಿ ಬರುತ್ತವೆ. ಪಹಣಿಗೆ ಬಂದ ರೈತನು ಮರಳುವಾಗ ಬೀಜ, ಬಟ್ಟೆಯನ್ನೂ ಕೊಳ್ಳುತ್ತಾನೆ. ಕೌಜಲಗಿಯ ಜನರೂ ತಾಲೂಕು ಕೇಂದ್ರ ಬೇಡಿದವರೇ. ಅದನ್ನು ಕೇವಲ ಪ್ರತಿಷ್ಠೆಯ ಮಾತೆಂದು ತಳ್ಳಿಹಾಕುವುದು ಅನ್ಯಾಯ. ಕಚೇರಿಯ ಬೆನ್ನಿಗೆ ಪೇಟೆ ಬರುತ್ತದೆಂಬುದು ಅವರಿಗೆ ತಿಳಿದಿದೆ.

ಗುಡ್ಡದಲ್ಲಿ ಈ ಲೆಕ್ಕ ಇನ್ನೂ ಕಠಿಣ. ಮನೆಗಳು ಚದುರಿವೆ, ದಾರಿ ಏರುತಗ್ಗಿನದು; ಬಯಲಿನ ಒಂದು ಮೈಲು ಇಲ್ಲಿನ ಒಂದು ಮೈಲಿಗೆ ಸಮವಲ್ಲ, ಅದರಲ್ಲೂ ತಲೆಯ ಮೇಲೆ ಅಕ್ಕಿಚೀಲವಿದ್ದಾಗ. ಬಸ್ಸು ಎಲ್ಲಿ ನಿಲ್ಲಬೇಕು, ಹಾಲಿನ ಸೊಸೈಟಿ ಎಲ್ಲಿರಬೇಕು, ಪಡಿತರ ಎಲ್ಲಿ ಹಂಚಬೇಕು ಎಂಬ ಮಾತು ಗ್ರಾಮಸಭೆಗೆ ಬಂದಾಗ ಮೇಲಿನ ಕೇರಿಯ ಹೆಂಗಸರು ಅಲ್ಲಿರಬೇಕು. ಕಿರಾಣಿ ಅಂಗಡಿ ಎಲ್ಲಿ ತೆರೆಯುವುದೆಂಬುದು ಬಹುಮಟ್ಟಿಗೆ ಅಂದೇ ಗೊತ್ತಾಗುತ್ತದೆ.