ಉಕ್ಕೆಂಬ ಕೂಟ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಲೋಹಗಳ ಕೂಟವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಕೊಡಿಸಿದ್ದಾರೆ. ತಾಮ್ರವೂ ಮೆತು, ತವರವೂ ಮೆತು. ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆತರೆ ಗುಡಿಯ ಘಂಟೆಯಾಗಿ ಊರೆಲ್ಲ ಕೇಳುವಂತೆ ಮೊಳಗುತ್ತದೆ. ಆದರೆ ನಾವು ಕಂಚನ್ನು ಬಿಟ್ಟು ಉಕ್ಕನ್ನೇ ಆರಿಸಿಕೊಂಡಿದ್ದೇವೆ. ಕಾರಣ ಮುಂದೆ ಗೊತ್ತಾದೀತು.

ಕಬ್ಬಿಣದಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ. ಪ್ರತಿಯೊಂದೂ ಬಿಟ್ಟುಕೊಟ್ಟ ಹೊರಗಿನ ಎಲೆಕ್ಟ್ರಾನುಗಳು ಯಾರೊಬ್ಬರ ಸೊತ್ತೂ ಆಗದೆ, ಊರ ಗೋಮಾಳದಂತೆ ಎಲ್ಲರದಾಗಿ, ಇಡೀ ತುಂಡನ್ನು ಹಿಡಿದಿಡುತ್ತವೆ. ಬಂಧ ಹೀಗೆ ಸರ್ವರದಾದ್ದರಿಂದಲೇ ಸುತ್ತಿಗೆಯ ಪೆಟ್ಟಿಗೆ ಸಾಲುಗಳು ಜಾರಿದರೂ ಲೋಹ ಒಡೆಯದೆ ಬಾಗುತ್ತದೆ. ಆ ಸಾಲುಗಳ ಸಂದಿನಲ್ಲಿ ಇಂಗಾಲದ ಸಣ್ಣ ಪರಮಾಣುಗಳು ಹೊಕ್ಕು ಕುಳಿತರೆ ಜಾರುವುದು ಕಷ್ಟ, ಕಬ್ಬಿಣ ಗಡುಸಾಗುತ್ತದೆ. ಇದು ಮಿಶ್ರಲೋಹ, ಪ್ರಮಾಣ ಒಂದಿಷ್ಟು ಹೆಚ್ಚುಕಡಿಮೆಯಾದರೂ ನಡೆದೀತು. ಸಂದುಗಳಲ್ಲಿ ಹಿಡಿಸಲಾರದಷ್ಟು ಇಂಗಾಲವಾದಾಗ, ಮೂರು ಕಬ್ಬಿಣಕ್ಕೆ ಒಂದು ಇಂಗಾಲವೆಂಬ ಕಟ್ಟುನಿಟ್ಟಿನ ಲೆಕ್ಕದಲ್ಲಿ ಬೇರೊಂದು ವಸ್ತುವೇ ಹುಟ್ಟುತ್ತದೆ. ಅದು ಸಂಯುಕ್ತ, ಹೆಸರು ಸಿಮೆಂಟೈಟ್. ಬಲು ಗಡುಸು, ಆದರೆ ಬಾಗದೆ ಮುರಿಯುವ ಜಾತಿ.

ನಮ್ಮ ಹಿಂದಿನವರ ಮೂಸೆಯ ಉಕ್ಕಿನಲ್ಲಿ ಇವೆರಡೂ ಒಟ್ಟಿಗಿದ್ದವು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅದನ್ನು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿಟ್ಟು ತಿದಿಯೊತ್ತುವುದು. ತಂಗಡಿಯೆಂದರೆ ಬೇರೆಯಲ್ಲ, ಹಳದಿ ಹೂ ಬಿಡುವ ನಮ್ಮ ಆವರಿಕೆಯೇ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ನೂರಕ್ಕೆ ಒಂದೂವರೆ ಪಾಲು ಇಂಗಾಲ ಸೇರಿತೆಂದರೆ ಸುಮಾರು ನೂರು ಡಿಗ್ರಿ ಕಡಿಮೆ ಸಾಕು. ಕಮ್ಮಾರನ ಮಗನೇ ಆದ ಮೈಕೆಲ್ ಫ್ಯಾರಡೆ 1819ರಲ್ಲಿ ಈ ಉಕ್ಕನ್ನು ಪರೀಕ್ಷಿಸಿ, ಇದರ ಗುಣಕ್ಕೆ ಅಲ್ಯೂಮಿನಿಯಮ್ ಕಾರಣವೆಂದು ಬಗೆದ. ಗುಣವಿದ್ದದ್ದು ಇಂಗಾಲದಲ್ಲಿ, ದೊಡ್ಡವರೂ ಎಡವುತ್ತಾರೆ.

1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಲೇಖನದಲ್ಲಿ ಇದರ ಹೆಸರು 'ವೂಟ್ಸ್'. ಅದು ಕನ್ನಡದ 'ಉಕ್ಕು' ಕೆಟ್ಟು ಆದ ರೂಪವೆಂದು ನಿಘಂಟುಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಹೆಮ್ಮೆಪಡೋಣ. ಆದರೆ ತೆಲುಗರೂ ಉಕ್ಕೆಂದೇ ಅನ್ನುತ್ತಾರೆ, ತಮಿಳಿನಲ್ಲಿ ಉರುಕ್ಕು. ದಿಂಬಂ ಘಾಟಿಯ 27 ತಿರುವುಗಳನ್ನಿಳಿದು, ಇದೇ ಈರೋಡು ಜಿಲ್ಲೆಯ ನೊಯ್ಯಲ್ ತೀರದ ಕೊಡುಮಣಲ್ಲಿಗೆ ಹೋದರೆ, ಅಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಕುಲುಮೆ ಮೂಸೆಗಳ ಅವಶೇಷಗಳು ಉತ್ಖನನದಲ್ಲಿ ದೊರೆತಿವೆ. ಮಡಕೆಯ ಚೂರುಗಳ ಮೇಲಿನ ಬರಹ ತಮಿಳು ಬ್ರಾಹ್ಮಿ. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿದ ನೋವು ನಮಗೂ ಉಂಟು. ಹಾಗೆಂದು ಉಕ್ಕು ನಮ್ಮೊಬ್ಬರದೇ ಎಂದು ವಾದಕ್ಕೆ ನಿಲ್ಲುವುದು ಸರಿಯಲ್ಲವೆಂದು ನಮ್ಮ ಮತ.

ನಮಗಿರುವ ಚಿಂತೆ ಬೇರೆ. ಮೂಸೆ, ತಿದಿ, ಅಡಿಗಲ್ಲು ಎಂಬ ಮಾತುಗಳನ್ನು ನಮ್ಮ ಮಕ್ಕಳು ಮನೆಯಲ್ಲೂ ಕೇಳದಂತಾಗುತ್ತಿದೆ. ತಿದಿಯೊತ್ತಿ ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ, ಅವರ ಬಾಯಿಂದ ಕುಲುಮೆಯ ಮಾತುಗಳನ್ನು ಬರೆದಿಡುವ ಕೆಲಸವನ್ನು ಸಂಘವು ಈ ವರ್ಷವೇ ಕೈಕೊಳ್ಳಬೇಕೆಂದು ಕೋರುತ್ತೇವೆ. ನಾವೂ ಒಂದು ಪುಸ್ತಕ ಹಿಡಿದು ಬರುತ್ತೇವೆ.